ಜಿಯೋ, ಏರ್‌ಟೆಲ್, ವಿಐ, ಬಿಎಸ್ಸೆನ್ನೆಲ್: ಯಾರಿಗೆ ಯಾವ ರೀಚಾರ್ಜ್ ಸರಿ?

ಫೋನ್‌ಗೆ ಕರೆನ್ಸಿ ಹಾಕಿಸುವಾಗ ನಮ್ಮಲ್ಲಿ ಹೆಚ್ಚಿನವರು ಕೇಳುವುದು ಒಂದೇ ಪ್ರಶ್ನೆ: "ಕಮ್ಮಿದು ಯಾವ್ದಿದೆ?" ಅಂಗಡಿಯವರು ಒಂದು ಮೊತ್ತ ಹೇಳುತ್ತಾರೆ, ನಾವು ಹೂಂ ಅನ್ನುತ್ತೇವೆ. ಆ್ಯಪ್‌ನಲ್ಲೂ ಅಷ್ಟೇ. ಹೋದ ಸಲ ಹಾಕಿದ ಪ್ಲಾನೇ ಮೇಲೆ ಕಾಣುತ್ತದೆ, ಅದನ್ನೇ ಒತ್ತಿಬಿಡುತ್ತೇವೆ. ಮನೆಯಲ್ಲಿ ನಾಲ್ಕು ಫೋನ್ ಇದ್ದರೆ ಹೀಗೆ ಒತ್ತುತ್ತಾ ಹೋದ ಹಣ ವರ್ಷಕ್ಕೆ 15,000 ರೂಪಾಯಿ ದಾಟುತ್ತದೆ. ಸಾಮಾನ್ಯ ಸಂಬಳದ ಮನೆಗೆ ಇದು ಸಣ್ಣ ಮೊತ್ತ ಅಲ್ಲ, ಅಲ್ವಾ?

ಈ ಖರ್ಚನ್ನು ಕಮ್ಮಿ ಮಾಡಲು ಕಂಪನಿ ಬದಲಿಸಲೇಬೇಕು ಅಂತೇನಿಲ್ಲ. ಎಷ್ಟೋ ಸಲ ಅದೇ ಕಂಪನಿಯಲ್ಲಿ ಬೇರೆ ಪ್ಲಾನ್ ಸಾಕು. ಆದರೆ ಅದಕ್ಕೆ ಪ್ಲಾನಿನ ಹೆಸರಾಗಿರುವ ಆ ಮೊತ್ತವನ್ನು ಬಿಟ್ಟು ಎರಡು ಲೆಕ್ಕ ನೋಡಬೇಕು. ದಿನಕ್ಕೆ ಎಷ್ಟು ಬೀಳುತ್ತದೆ ಅನ್ನುವುದು ಒಂದು. ಕೊಟ್ಟ ನೆಟ್‌ನಲ್ಲಿ ನಾವು ನಿಜವಾಗಿ ಎಷ್ಟು ಖರ್ಚು ಮಾಡುತ್ತೇವೆ ಅನ್ನುವುದು ಇನ್ನೊಂದು.

ಮೊದಲೇ ಒಂದು ಮಾತು. ಇಲ್ಲಿ ಕೊಟ್ಟಿರುವ ಬೆಲೆಗಳು 2024ರ ಜುಲೈ ಏರಿಕೆಯಿಂದ 2025ರ ಜನವರಿವರೆಗಿನವು. ಕಂಪನಿಗಳು ಪ್ಲಾನ್‌ಗಳನ್ನು ಬದಲಿಸುತ್ತಲೇ ಇರುತ್ತವೆ. ಹಾಗಾಗಿ ಬೆಲೆಯನ್ನು ಇವತ್ತಿನದಕ್ಕೆ ಸರಿಮಾಡಿಕೊಳ್ಳಿ. ಲೆಕ್ಕ ಹಾಕುವ ರೀತಿ ಮಾತ್ರ ಅದೇ.

ದಿನಕ್ಕೆ ಎಷ್ಟು ಬೀಳುತ್ತದೆ?

ನಮ್ಮಲ್ಲಿ ಬಹಳಷ್ಟು ಪ್ಲಾನ್‌ಗಳ "ತಿಂಗಳು" ಅಂದರೆ 28 ದಿನ. ವರ್ಷದ 365 ದಿನವನ್ನು 28ರಿಂದ ಭಾಗಿಸಿ ನೋಡಿ, 13 ಬರುತ್ತದೆ. ಅಂದರೆ ತಿಂಗಳಿಗೊಂದು ರೀಚಾರ್ಜ್ ಅಂದುಕೊಂಡವರು ವರ್ಷಕ್ಕೆ 12 ಸಲ ಅಲ್ಲ, 13 ಸಲ ದುಡ್ಡು ಕೊಡುತ್ತಾರೆ. ಗ್ರಾಹಕರು ಇದರ ಬಗ್ಗೆ ದೂರು ಕೊಟ್ಟಮೇಲೆ 2022ರ ಜನವರಿಯಲ್ಲಿ ದೂರಸಂಪರ್ಕ ಕಂಪನಿಗಳ ಮೇಲೆ ನಿಗಾ ಇಡುವ ಸರ್ಕಾರಿ ಸಂಸ್ಥೆ ಟ್ರಾಯ್ ಒಂದು ಆದೇಶ ಹೊರಡಿಸಿತು. ಪ್ರತಿ ಕಂಪನಿಯೂ 30 ದಿನದ ಒಂದು ಪ್ಲಾನ್ ಮತ್ತು ಪ್ರತಿ ತಿಂಗಳು ಅದೇ ತಾರೀಖಿಗೆ ರೀಚಾರ್ಜ್ ಮಾಡುವಂಥ ಒಂದು ಪ್ಲಾನ್ ಇಟ್ಟಿರಲೇಬೇಕು. ಇವು ಇವೆ, ಆದರೆ ಪಟ್ಟಿಯ ಮೇಲ್ಭಾಗದಲ್ಲಿ ಕಾಣುವುದು ಅಪರೂಪ. ಸ್ವಲ್ಪ ಕೆಳಗೆ ಸರಿಸಿ ಹುಡುಕಬೇಕು.

ಜಿಯೋದಲ್ಲಿ ದಿನಕ್ಕೆ 1.5 ಜಿಬಿಯ 28 ದಿನದ ಪ್ಲಾನ್‌ಗೆ 299 ರೂಪಾಯಿ. ಅಷ್ಟೇ ನೆಟ್ ಕೊಡುವ, ಅದೇ ತಾರೀಖಿಗೆ ಬರುವ ತಿಂಗಳ ಪ್ಲಾನ್‌ಗೆ 319. ನೋಡಲು 299 ಕಮ್ಮಿ. ವರ್ಷದ ಲೆಕ್ಕ ಹಾಕಿ: 299ನ್ನು 13 ಸಲ ಕೊಟ್ಟರೆ 3,887 ರೂಪಾಯಿ, 319ನ್ನು 12 ಸಲ ಕೊಟ್ಟರೆ 3,828. ದುಬಾರಿ ಅಂತ ಕಾಣುವುದೇ 59 ರೂಪಾಯಿ ಅಗ್ಗ. ಉಳಿತಾಯ ದೊಡ್ಡದಲ್ಲ ನಿಜ. ಆದರೆ ಸಂಬಳ ಬರುವ ದಿನಕ್ಕೆ ರೀಚಾರ್ಜ್ ಹೊಂದಿಸಿಕೊಳ್ಳುವವರಿಗೆ ತಾರೀಖು ಜಾರದೇ ಇರುವುದೇ ದೊಡ್ಡ ಅನುಕೂಲ.

ಇದೇ ರೀತಿ ಬೇರೆ ಕೆಲವನ್ನು ದಿನದ ಲೆಕ್ಕಕ್ಕೆ ಇಳಿಸಿದರೆ ಹೀಗೆ ಕಾಣುತ್ತದೆ.

| ಪ್ಲಾನ್ | ನೆಟ್ | ಎಷ್ಟು ದಿನ | ದಿನಕ್ಕೆ (ರೂ.) |
|---|---|---|---|
| ಜಿಯೋ 198 | ದಿನಕ್ಕೆ 2 ಜಿಬಿ | 14 | 14.14 |
| ಜಿಯೋ 349 | ದಿನಕ್ಕೆ 2 ಜಿಬಿ | 28 | 12.46 |
| ಏರ್‌ಟೆಲ್ / ವಿಐ 349 | ದಿನಕ್ಕೆ 1.5 ಜಿಬಿ | 28 | 12.46 |
| ಜಿಯೋ 299 | ದಿನಕ್ಕೆ 1.5 ಜಿಬಿ | 28 | 10.68 |
| ಏರ್‌ಟೆಲ್ / ವಿಐ 859 | ದಿನಕ್ಕೆ 1.5 ಜಿಬಿ | 84 | 10.23 |
| ಜಿಯೋ 3,599 | ದಿನಕ್ಕೆ 2.5 ಜಿಬಿ | 365 | 9.86 |
| ಜಿಯೋ 799 | ದಿನಕ್ಕೆ 1.5 ಜಿಬಿ | 84 | 9.51 |
| ಏರ್‌ಟೆಲ್ / ವಿಐ 199 | ಒಟ್ಟು 2 ಜಿಬಿ | 28 | 7.11 |

ಮೊದಲ ಸಾಲು ನೋಡಿ. ಕೈಯಿಂದ ಹೋಗುವುದು ಬರೀ 198 ರೂಪಾಯಿ, ಆದರೆ ಈ ಪಟ್ಟಿಯಲ್ಲಿ ಅತಿ ದುಬಾರಿ ಅದೇ. ಕೈಯಲ್ಲಿ ಹಣ ಕಮ್ಮಿ ಇದ್ದವರೇ ಚಿಕ್ಕ ಪ್ಯಾಕ್ ಹಾಕಿಸುತ್ತಾರೆ, ಅವರಿಗೇ ದಿನದ ಬೆಲೆ ಜಾಸ್ತಿ ಬೀಳುತ್ತದೆ. ನನಗೆ ಇಡೀ ವ್ಯವಸ್ಥೆಯಲ್ಲಿ ಬೇಸರ ತರುವ ವಿಷಯ ಇದು. ಸಾಧ್ಯವಾದರೆ ಮನೆಯ ದೊಡ್ಡವರಿಗೋ ಕೆಲಸಕ್ಕೆ ಬರುವವರಿಗೋ 84 ದಿನದ್ದನ್ನು ಒಂದೇ ಸಲ ಹಾಕಿಸಿಕೊಡಿ.

ಹಾಗಾದರೆ ವರ್ಷದ್ದನ್ನೇ ಹಾಕಿಸಬಹುದಲ್ಲ? ಹಾಕಿಸಬಹುದು, ಎರಡು ಷರತ್ತಿನ ಮೇಲೆ. ಆ ಕಂಪನಿಯ ಸಿಗ್ನಲ್ ನಿಮ್ಮ ಮನೆಯಲ್ಲೂ ಕೆಲಸದ ಜಾಗದಲ್ಲೂ ಚೆನ್ನಾಗಿದೆ ಅಂತ ಗೊತ್ತಿರಬೇಕು. ದಿನಕ್ಕೆ 2 ಜಿಬಿಗಿಂತ ಜಾಸ್ತಿ ನಿಜಕ್ಕೂ ಬೇಕಾಗಿರಬೇಕು. 1.5 ಜಿಬಿ ಸಾಕು ಅನ್ನುವವರಿಗೆ 84 ದಿನದ್ದೇ ಲೇಸು. ಜೊತೆಗೆ "ವರ್ಷದ ಪ್ಲಾನ್" ಅಂತ ಮಾತಾಡುವ ಎಲ್ಲವೂ 365 ದಿನದ್ದಲ್ಲ. 336 ದಿನದವೂ ಇವೆ. ಅಂದರೆ 28 ದಿನದ 12 ಕಂತು. ಒತ್ತುವ ಮುಂಚೆ ದಿನದ ಸಂಖ್ಯೆ ಓದಿ.

ದಿನದ ಕೋಟಾ ಯಾರ ಲೆಕ್ಕಕ್ಕೆ ಹೊಂದುತ್ತದೆ?

"ದಿನಕ್ಕೆ 1.5 ಜಿಬಿ" ಅಂದರೆ 28 ದಿನಕ್ಕೆ 42 ಜಿಬಿ. ಕೇಳಲು ಧಾರಾಳ. ಆದರೆ ಇದು ಹಾಸ್ಟೆಲ್ ಊಟದ ಟೋಕನ್ ಇದ್ದ ಹಾಗೆ. ಇವತ್ತು ಊಟಕ್ಕೆ ಹೋಗದಿದ್ದರೆ ನಾಳೆ ಎರಡು ಊಟ ಕೊಡುವುದಿಲ್ಲ. ರಾತ್ರಿ 12ಕ್ಕೆ ಉಳಿದ ನೆಟ್ ಹೋಯಿತು, ಹೊಸ ಕೋಟಾ ಶುರು. ಟ್ರಾಯ್ ಅಂಕಿಅಂಶದ ಪ್ರಕಾರ 2024ರ ಹೊತ್ತಿಗೆ ನಮ್ಮ ದೇಶದಲ್ಲಿ ಒಬ್ಬರ ತಿಂಗಳ ಸರಾಸರಿ ಬಳಕೆ 20 ಜಿಬಿ ಆಸುಪಾಸಿನಲ್ಲಿದೆ. 42 ಜಿಬಿಯ ಪ್ಲಾನ್ ಹಾಕಿಸಿದ ಸರಾಸರಿ ಮನುಷ್ಯನ ಅರ್ಧ ನೆಟ್ ಪ್ರತಿ ತಿಂಗಳೂ ರಾತ್ರಿ 12 ಗಂಟೆಗೆ ಸುಮ್ನೆ ಕರಗಿಹೋಗುತ್ತಿದೆ.

ಇನ್ನೊಂದು ದಿನ ಇದಕ್ಕೆ ಪೂರ್ತಿ ಉಲ್ಟಾ. ಬಸ್ಸಿನಲ್ಲಿ ಊರಿಗೆ ಹೊರಟಿರುತ್ತೀರಿ, ಮಧ್ಯಾಹ್ನಕ್ಕೇ ಕೋಟಾ ಖಾಲಿ. ಆಮೇಲೆ ಜಿಯೋ, ಏರ್‌ಟೆಲ್, ವಿಐ ಮೂರರಲ್ಲೂ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಇದು ಎಷ್ಟು ಕಮ್ಮಿ ಅಂದರೆ ಸೆಕೆಂಡಿಗೆ ಬರುವುದು 8 ಕಿಲೋಬೈಟ್. ವಾಟ್ಸಾಪ್‌ನಲ್ಲಿ ಮೆಸೇಜ್ ಹೋಗುತ್ತದೆ. 2 ಎಂಬಿಯ ಒಂದು ಫೋಟೋ ಇಳಿಯಲು ನಾಲ್ಕು ನಿಮಿಷಕ್ಕೂ ಜಾಸ್ತಿ ಬೇಕು. ಯುಪಿಐ ಚಕ್ರ ತಿರುಗುತ್ತಲೇ ಇರುತ್ತದೆ, ಅಂಗಡಿಯವರು ಕಾಯುತ್ತಿರುತ್ತಾರೆ. "ಅನ್‌ಲಿಮಿಟೆಡ್" ಅನ್ನುವ ಪದ ಕಂಡಾಗ ಈ 64ನ್ನು ನೆನಪಿಟ್ಟುಕೊಳ್ಳಿ. ಪ್ಲಾನಿನ ವಿವರದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಅದು ಇರುತ್ತದೆ.

ಹಾಗಾದರೆ ನಿಮ್ಮದು ಎಷ್ಟು ಬಳಕೆ? ಊಹೆ ಬೇಡ, ಫೋನೇ ಹೇಳುತ್ತದೆ. ಆ್ಯಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ "ಡೇಟಾ ಯೂಸೇಜ್" ಅಂತ ಹುಡುಕಿ. ಸಿಮ್ ನೆಟ್ ಬೇರೆ, ವೈಫೈ ಬೇರೆ ತೋರಿಸುತ್ತದೆ. ಸಿಮ್‌ನದ್ದನ್ನೇ ನೋಡಿ. ಕೆಳಗೆ ಯಾವ ಆ್ಯಪ್ ಎಷ್ಟು ತಿಂದಿದೆ ಅನ್ನುವ ಪಟ್ಟಿ ಇರುತ್ತದೆ. ಐಫೋನ್‌ನಲ್ಲಾದರೆ ಆ ಲೆಕ್ಕ ತಾನಾಗಿ ಸೊನ್ನೆಯಾಗುವುದಿಲ್ಲ. ರೀಚಾರ್ಜ್ ಮಾಡಿದ ದಿನ ನೀವೇ ರೀಸೆಟ್ ಮಾಡಿ, ಮುಂದಿನ ರೀಚಾರ್ಜ್ ದಿನ ನೋಡಿ.

ಪಟ್ಟಿಯ ಮೇಲಿನ ಎರಡು ಮೂರು ಹೆಸರು ಯಾವಾಗಲೂ ವಿಡಿಯೋ ಆ್ಯಪ್‌ಗಳೇ. ವಾಟ್ಸಾಪ್ ಮಾತುಕತೆ, ಯುಪಿಐ, ಮ್ಯಾಪ್, ಸುದ್ದಿ ಓದುವುದು ಎಲ್ಲ ಸೇರಿದರೂ ದಿನಕ್ಕೆ 1.5 ಜಿಬಿಯ ಹತ್ತಿರ ಬರುವುದು ಕಷ್ಟ. ವಿಡಿಯೋವನ್ನು 1080ರಿಂದ 480ಕ್ಕೆ ಇಳಿಸಿದರೆ ಬಳಕೆ ಅರ್ಧಕ್ಕಿಂತ ಕೆಳಗೆ ಬರುತ್ತದೆ. ಆರು ಇಂಚಿನ ಪರದೆಯಲ್ಲಿ ಕಣ್ಣಿಗೆ ಅಂಥ ವ್ಯತ್ಯಾಸವೂ ಗೊತ್ತಾಗುವುದಿಲ್ಲ. ರೀಲ್ಸ್ ತಾನಾಗಿ ಓಡುವುದನ್ನು ನಿಲ್ಲಿಸಿದರೆ ಇನ್ನಷ್ಟು ಉಳಿಯುತ್ತದೆ.

ಮನೆಯಲ್ಲಿ ವೈಫೈ ಇದ್ದು, ಹೊರಗೆ ಹೋಗುವುದು ಕಮ್ಮಿ ಇರುವ ಒಬ್ಬರ ಲೆಕ್ಕ ತೆಗೆದುಕೊಳ್ಳಿ. ಸಿಮ್ ನೆಟ್ ತಿಂಗಳಿಗೆ 3 ಜಿಬಿ ಅಂತ ಫೋನ್ ತೋರಿಸುತ್ತಿದೆ. ಅವರು ಏರ್‌ಟೆಲ್‌ನ 349 ಹಾಕಿಸುತ್ತಿದ್ದಾರೆ. ಅದರ ಬದಲು ಒಟ್ಟು 2 ಜಿಬಿಯ 199 ಹಾಕಿಸಿ, ಬೇಕಾದ ಒಂದು ದಿನ 22 ರೂಪಾಯಿಗೆ 1 ಜಿಬಿ ಸೇರಿಸಿಕೊಂಡರೆ 221. ಸಲಕ್ಕೆ 128 ರೂಪಾಯಿ ಉಳಿಯಿತು. ವರ್ಷಕ್ಕೆ 13 ಸಲ ಅಂದರೆ 1,664 ರೂಪಾಯಿ, ಒಂದು ಫೋನ್‌ಗೆ. ಕರೆಗಳು ಎರಡರಲ್ಲೂ ಅನ್‌ಲಿಮಿಟೆಡ್.

ಆದರೆ ಈ ಮೇಲ್ಸೇರಿಕೆಯ ಪ್ಯಾಕ್ ಆಗಾಗ ಹಾಕಿಸುವಂಥದ್ದಲ್ಲ. 84 ದಿನದ 859ರಲ್ಲಿ 1 ಜಿಬಿಗೆ 7 ರೂಪಾಯಿಗೂ ಕಮ್ಮಿ ಬೀಳುತ್ತದೆ, ಇಲ್ಲಿ 22, ಅದೂ ಒಂದೇ ದಿನಕ್ಕೆ. ತಿಂಗಳಲ್ಲಿ ಆರೇಳು ಸಲ ಬೇಕಾಗುತ್ತಿದ್ದರೆ ನೀವು ದಿನದ ಕೋಟಾದ ಗಿರಾಕಿ ಅಂತಲೇ ಅರ್ಥ.

ವಾರವಿಡೀ ಆಫೀಸ್ ವೈಫೈನಲ್ಲಿದ್ದು ಶನಿವಾರ ಭಾನುವಾರ ಮಾತ್ರ ನೆಟ್ ಬಳಸುವವರು ವಿಐ ಕಡೆ ಒಮ್ಮೆ ನೋಡಬಹುದು. ಅವರ ಕೆಲವು ಪ್ಲಾನ್‌ಗಳಲ್ಲಿ ವಾರದಲ್ಲಿ ಉಳಿದದ್ದು ವಾರಾಂತ್ಯಕ್ಕೆ ಸಿಗುತ್ತದೆ, ರಾತ್ರಿ 12ರಿಂದ ಬೆಳಗ್ಗೆ 6ರವರೆಗಿನ ಬಳಕೆ ಕೋಟಾಗೆ ಸೇರುವುದಿಲ್ಲ. ರಾತ್ರಿ ಪಾಳಿಯವರಿಗೆ ಇದು ಚೆನ್ನಾಗಿ ಹೊಂದುತ್ತದೆ.

ನಾಲ್ಕು ಕಂಪನಿ, ಒಂದೇ ಥರದ ಬೆಲೆ ಯಾಕೆ?

ಕೆಲವು ವರ್ಷ ಹಿಂದೆ ಅಂಗಡಿ ಮುಂದೆ ಹತ್ತು ಬಣ್ಣದ ಬೋರ್ಡ್ ಇರುತ್ತಿದ್ದವು. ಏರ್‌ಸೆಲ್, ಯೂನಿನಾರ್, ರಿಲಯನ್ಸ್, ಟಾಟಾ ಡೊಕೊಮೊ, ವೊಡಾಫೋನ್, ಐಡಿಯಾ. 2009ರಲ್ಲಿ ಟಾಟಾ ಡೊಕೊಮೊ ಸೆಕೆಂಡಿಗೆ ಒಂದು ಪೈಸೆ ಅಂತ ಬಂದಾಗ ಉಳಿದವರೂ ನಿಮಿಷದ ಲೆಕ್ಕ ಬಿಟ್ಟು ಸೆಕೆಂಡಿಗೆ ಇಳಿಯಬೇಕಾಯಿತು. 2016ರ ಸೆಪ್ಟೆಂಬರ್ 5ಕ್ಕೆ ಜಿಯೋ ಬಂತು, 2017ರ ಮಾರ್ಚ್ ಕೊನೆಯವರೆಗೆ ನೆಟ್, ಕರೆ ಎರಡೂ ಪುಕ್ಕಟೆ ಕೊಟ್ಟಿತು. 2014ರಲ್ಲಿ 1 ಜಿಬಿಗೆ ಸರಾಸರಿ 269 ರೂಪಾಯಿ ಇದ್ದದ್ದು 2020ರ ಹೊತ್ತಿಗೆ 11 ರೂಪಾಯಿ ಆಸುಪಾಸಿಗೆ ಬಂತು.

ಆ ಪೈಪೋಟಿಯಲ್ಲಿ ನಮಗೆ ಲಾಭವಾಯಿತು, ಜೊತೆಗೆ ಆಯ್ಕೆಯೂ ಕಮ್ಮಿಯಾಯಿತು. ರಿಲಯನ್ಸ್ ಕಮ್ಯುನಿಕೇಶನ್ಸ್, ಏರ್‌ಸೆಲ್ ಬಾಗಿಲು ಹಾಕಿದವು. ಟೆಲಿನಾರ್ (ಹಿಂದಿನ ಯೂನಿನಾರ್), ಟಾಟಾ ಎರಡೂ ಏರ್‌ಟೆಲ್‌ಗೆ ಸೇರಿದವು. 2018ರಲ್ಲಿ ವೊಡಾಫೋನ್ ಮತ್ತು ಐಡಿಯಾ ಒಂದಾದವು, 2020ರಲ್ಲಿ ವಿಐ ಅನ್ನುವ ಹೆಸರು ಬಂತು. ಉಳಿದದ್ದು ಮೂರು ಖಾಸಗಿ, ಒಂದು ಸರ್ಕಾರಿ. ಅಲ್ಲಿಂದ ಈಚೆಗೆ 2019ರ ಡಿಸೆಂಬರ್, 2021ರ ನವೆಂಬರ್, 2024ರ ಜುಲೈ ಹೀಗೆ ಮೂರು ದೊಡ್ಡ ಏರಿಕೆ ಆಗಿವೆ. ಪ್ರತಿ ಸಲವೂ ಒಬ್ಬರು ಏರಿಸಿದ ಕೆಲವೇ ದಿನದಲ್ಲಿ ಉಳಿದ ಇಬ್ಬರೂ ಏರಿಸಿದ್ದಾರೆ. 2024ರಲ್ಲಂತೂ ಜಿಯೋ, ಏರ್‌ಟೆಲ್ ಜುಲೈ 3ಕ್ಕೆ, ವಿಐ 4ಕ್ಕೆ. ದರಕ್ಕೆ ಸರ್ಕಾರದ ಮಿತಿ ಇಲ್ಲ. ಕಂಪನಿ ತಾನೇ ಬೆಲೆ ಇಟ್ಟು, ಆಮೇಲೆ ಟ್ರಾಯ್‌ಗೆ ತಿಳಿಸಿದರೆ ಸಾಕು.

ಬೆಲೆ ಏರುವುದು ಹೀಗೆ ಘೋಷಣೆ ಮಾಡಿಯೇ ಆಗಬೇಕು ಅಂತಿಲ್ಲ. ಪಟ್ಟಿಯ ಕೆಳಗಿನ ಚಿಕ್ಕ ಪ್ಲಾನ್ ತೆಗೆದರೂ ಸಾಕು. ಏರ್‌ಟೆಲ್‌ನ 28 ದಿನದ 99 ರೂಪಾಯಿಯ ಪ್ಲಾನ್ 2022ರ ನವೆಂಬರ್‌ನಲ್ಲಿ ಮೊದಲು ಹರಿಯಾಣ, ಒಡಿಶಾದಲ್ಲಿ ನಿಂತಿತು, ಆಮೇಲೆ ಒಂದೊಂದೇ ಸರ್ಕಲ್‌ನಲ್ಲಿ (ಕಂಪನಿಗಳ ಸೇವೆಗೆ ಮಾಡಿಕೊಂಡಿರುವ ವಲಯ). ಅದರ ಜಾಗಕ್ಕೆ ಬಂದದ್ದು 155, ಅದೂ 24 ದಿನಕ್ಕೆ. ಕರೆ, ನೆಟ್ ಮೊದಲಿಗಿಂತ ಜಾಸ್ತಿ ಸಿಕ್ಕವು ನಿಜ. ಆದರೆ ಬರೀ ಇನ್‌ಕಮಿಂಗ್‌ಗಾಗಿ ಸಿಮ್ ಇಟ್ಟುಕೊಂಡವರಿಗೆ ಅದು ಬೇಕಿರಲಿಲ್ಲ.

ಬಿಎಸ್ಸೆನ್ನೆಲ್ 2024ರಲ್ಲಿ ದರ ಏರಿಸಲಿಲ್ಲ. ಜನ ಅದನ್ನು ಗಮನಿಸಿದರು. ಆ ಜುಲೈ ಒಂದೇ ತಿಂಗಳಲ್ಲಿ ಬಿಎಸ್ಸೆನ್ನೆಲ್‌ಗೆ 29 ಲಕ್ಷಕ್ಕೂ ಜಾಸ್ತಿ ಗ್ರಾಹಕರು ಹೆಚ್ಚಾದರು, ಏರ್‌ಟೆಲ್‌ಗೆ ಸುಮಾರು 17 ಲಕ್ಷ, ವಿಐಗೆ 14 ಲಕ್ಷ, ಜಿಯೋಗೆ 7 ಲಕ್ಷಕ್ಕೂ ಜಾಸ್ತಿ ಕಮ್ಮಿಯಾದರು. ದಿನದ ಲೆಕ್ಕದಲ್ಲಿ ಬಿಎಸ್ಸೆನ್ನೆಲ್ ಈಗಲೂ ಅಗ್ಗ. ಅದರ ಕೊರತೆ ಇದ್ದದ್ದು 4ಜಿಯಲ್ಲಿ. ಟಿಸಿಎಸ್, ಸರ್ಕಾರಿ ಸಂಶೋಧನಾ ಸಂಸ್ಥೆ ಸಿ-ಡಾಟ್, ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್ ಸೇರಿ ಕಟ್ಟಿದ ದೇಶೀ 4ಜಿ 2025ರ ಸೆಪ್ಟೆಂಬರ್‌ನಲ್ಲಿ ದೇಶಕ್ಕೆ ಅರ್ಪಣೆಯಾಯಿತು. ನಿಮ್ಮೂರಿನ ಟವರ್‌ನಲ್ಲಿ ಅದು ಹೇಗಿದೆ ಅನ್ನುವುದನ್ನು ಮಾತ್ರ ಅಲ್ಲೇ ನೋಡಬೇಕು. ಮಲೆನಾಡಿನ ಎಷ್ಟೋ ಕಡೆ ಬಿಎಸ್ಸೆನ್ನೆಲ್ ಬಿಟ್ಟರೆ ಬೇರೆ ಗತಿ ಇಲ್ಲ, ಇನ್ನೆಷ್ಟೋ ಕಡೆ ಅದೇ ಸಿಗಲ್ಲ.

ನನ್ನ ಮಟ್ಟಿಗೆ ಕಂಪನಿ ಆರಿಸುವಾಗ ಮೊದಲ ಪ್ರಶ್ನೆ ಸಿಗ್ನಲ್, ಬೆಲೆ ಆಮೇಲೆ. ದಿನಕ್ಕೆ ಒಂದು ರೂಪಾಯಿ ಉಳಿಸಲು ಹೋಗಿ ಪ್ರತಿ ಕರೆಗೂ ಅಂಗಳಕ್ಕೆ ಓಡುವ ಹಾಗಾದರೆ ಏನು ಪ್ರಯೋಜನ? ಟ್ರಾಯ್ ಹೇಳಿದ ಮೇಲೆ ಕಂಪನಿಗಳು ತಮ್ಮ ವೆಬ್‌ಸೈಟ್‌ನಲ್ಲಿ ಕವರೇಜ್ ನಕ್ಷೆ ಹಾಕಿವೆ. ಅದನ್ನು ನೋಡಿ, ಆದರೆ ಅಷ್ಟಕ್ಕೇ ನಿಲ್ಲಿಸಬೇಡಿ. ನಕ್ಷೆ ಮನೆಯ ಹೊರಗಿನ ಮಾತು ಹೇಳುತ್ತದೆ. ಆ ಸಿಮ್ ಇರುವ ನೆಂಟರನ್ನೋ ಪಕ್ಕದವರನ್ನೋ ಕರೆದು, ಮಲಗುವ ಕೋಣೆಯಲ್ಲಿ, ಅಡುಗೆಮನೆಯಲ್ಲಿ, ಸಂಜೆ ಎಂಟರ ಹೊತ್ತಿಗೆ ಒಂದು ವಿಡಿಯೋ ಓಡಿಸಿ ನೋಡಿ. ಎಲ್ಲರೂ ನೆಟ್ ಬಳಸುವ ಹೊತ್ತಿನಲ್ಲಿ ಓಡಿದರೆ ಮಾತ್ರ ಅದು ಸರಿಯಾದ ನೆಟ್‌ವರ್ಕ್.

5ಜಿ ಮತ್ತು ಜೊತೆಗೆ ಬರುವ ಉಡುಗೊರೆಗಳು

2024ರ ಜುಲೈಯಿಂದ ಜಿಯೋ ಮತ್ತು ಏರ್‌ಟೆಲ್ ಎರಡರಲ್ಲೂ ಅನ್‌ಲಿಮಿಟೆಡ್ 5ಜಿ ಸಿಗುವುದು ದಿನಕ್ಕೆ 2 ಜಿಬಿ ಅಥವಾ ಅದಕ್ಕಿಂತ ಮೇಲಿನ ಪ್ಲಾನ್‌ಗಳಿಗೆ. 5ಜಿ ಫೋನ್ ಇದ್ದು, ಮನೆಯಲ್ಲಿ 5ಜಿ ಸಿಗ್ನಲ್ ಗಟ್ಟಿಯಾಗಿದ್ದರೆ ಇದು ಒಳ್ಳೆಯ ವ್ಯವಹಾರ. ಕೋಟಾದ ಚಿಂತೆಯೇ ಇಲ್ಲ, ಜಿಯೋದಲ್ಲಿ 299ಕ್ಕೂ 349ಕ್ಕೂ ಇರುವ 50 ರೂಪಾಯಿ ವಸೂಲಾಗುತ್ತದೆ. 5ಜಿ ಬಂದು ಹೋಗಿ ಮಾಡುವ ಜಾಗದಲ್ಲಿ, ಇಲ್ಲವೇ 4ಜಿ ಫೋನ್‌ನಲ್ಲಿ ಆ 50 ದಂಡ. ವಿಐ 5ಜಿ ಶುರು ಮಾಡಿದ್ದೇ 2025ರಲ್ಲಿ, ಮೊದಲು ಮುಂಬೈನಲ್ಲಿ. ಆಯ್ದ ಊರುಗಳ ಪಟ್ಟಿ ನೋಡಿಕೊಂಡೇ ಮುಂದುವರಿಯಿರಿ.

ಸಿನಿಮಾ ಆ್ಯಪ್, ಹಾಡಿನ ಆ್ಯಪ್ ಸೇರಿಸಿ ಕೊಡುವ ಪ್ಲಾನ್‌ಗಳಿಗೆ ನನ್ನ ಅಳತೆ ಸರಳ. ಆ ಆ್ಯಪ್‌ಗೆ ನೀವು ಈಗಾಗಲೇ ದುಡ್ಡು ಕೊಡುತ್ತಿದ್ದರೆ ಅದರ ಬೆಲೆ ಕಳೆದು ಲೆಕ್ಕ ಹಾಕಿ. ಇಲ್ಲದಿದ್ದರೆ ಸೊನ್ನೆ ಅಂದುಕೊಳ್ಳಿ.

ಅಪ್ಪ ಅಮ್ಮನ ಫೋನ್, ಎರಡನೇ ಸಿಮ್

ಕೀಪ್ಯಾಡ್ ಫೋನ್ ಇಟ್ಟುಕೊಂಡ ಹಿರಿಯರು ಬಳಸದ ನೆಟ್‌ಗೆ ವರ್ಷಗಟ್ಟಲೆ ದುಡ್ಡು ಕೊಟ್ಟಿದ್ದಾರೆ. 2024ರ ಡಿಸೆಂಬರ್‌ನಲ್ಲಿ ಟ್ರಾಯ್ ಇದನ್ನು ಸರಿಮಾಡಿತು. ಕರೆ ಮತ್ತು ಎಸ್ಸೆಮ್ಮೆಸ್ ಮಾತ್ರ ಇರುವ ಪ್ಲಾನ್ ಕೊಡಲೇಬೇಕು ಅಂತ ನಿಯಮ ಬಂತು. ಮರುತಿಂಗಳೇ ಏರ್‌ಟೆಲ್ 84 ದಿನಕ್ಕೆ 469, 365 ದಿನಕ್ಕೆ 1,849 ಇಟ್ಟಿತು. ಜಿಯೋ 84 ದಿನಕ್ಕೆ 448, 336 ದಿನಕ್ಕೆ 1,748. ದಿನಕ್ಕೆ 5 ರೂಪಾಯಿ ಚಿಲ್ಲರೆ. 349ರ ಪ್ಲಾನ್‌ನಲ್ಲಿದ್ದವರಿಗೆ ಇದು ಅರ್ಧಕ್ಕಿಂತ ಕಮ್ಮಿ. ಅಂಗಡಿಯಲ್ಲಿ "ವಾಯ್ಸ್ ಓನ್ಲಿ ಪ್ಲಾನ್" ಅಂತ ಬಾಯಿಬಿಟ್ಟು ಕೇಳಿ. ಕೇಳದಿದ್ದರೆ ಯಾರೂ ತಾವಾಗಿ ಹೇಳುವುದು ಕಮ್ಮಿ.

ಹಳೆಯ 2ಜಿ ಕೀಪ್ಯಾಡ್ ಫೋನ್‌ಗೆ ಜಿಯೋ ಸಿಮ್ ಕೆಲಸ ಮಾಡುವುದಿಲ್ಲ, ಅದರಲ್ಲಿ ಇರುವುದು 4ಜಿ, 5ಜಿ ಮಾತ್ರ. ಜಿಯೋಭಾರತ್ ಫೋನ್ ಕೊಂಡರೆ 28 ದಿನಕ್ಕೆ 123 ರೂಪಾಯಿಯ ಪ್ಲಾನ್ ಇದೆ, ದಿನಕ್ಕೆ ಅರ್ಧ ಜಿಬಿ ನೆಟ್ ಸಮೇತ. ದಿನಕ್ಕೆ 4.39 ರೂಪಾಯಿ. ಯುಪಿಐ ಕೂಡ ಮಾಡಬಹುದು. ಬೇರೆ ಕಂಪನಿಯ ಸಿಮ್ ಅದರಲ್ಲಿ ನಡೆಯುವುದಿಲ್ಲ, ಅದೊಂದು ಗೊತ್ತಿರಲಿ.

ಎರಡನೇ ಸಿಮ್ ಬ್ಯಾಂಕ್ ಓಟಿಪಿಗೋ ಆಧಾರ್‌ಗೋ ಜೋಡಿಸಿದ್ದಾದರೆ ಅದನ್ನು ಸಾಯಲು ಬಿಡಬೇಡಿ. 90 ದಿನ ಏನೂ ಬಳಸದೇ ಇದ್ದರೆ ನಂಬರ್ ಕಡಿದುಹಾಕಬಹುದು. ಖಾತೆಯಲ್ಲಿ 20 ರೂಪಾಯಿ ಬ್ಯಾಲೆನ್ಸ್ ಇದ್ದರೆ ಅದನ್ನು ಹಿಡಿದುಕೊಂಡು 30 ದಿನ ಮುಂದೂಡಬೇಕು ಅನ್ನುವುದು ನಿಯಮ. ನೆಟ್ ಒಂದು ಸಿಮ್‌ನಲ್ಲಿ, ಇನ್ನೊಂದರಲ್ಲಿ ಬರೀ ಕರೆಯ ಪ್ಲಾನ್, ಹೀಗೆ ಹಂಚಿದರೆ ಎರಡಕ್ಕೂ ದೊಡ್ಡ ಪ್ಯಾಕ್ ಹಾಕಿಸುವ ಕಷ್ಟ ಇಲ್ಲ.

ಪೋಸ್ಟ್‌ಪೇಯ್ಡ್ ಬಗ್ಗೆ ಒಂದೇ ಎಚ್ಚರಿಕೆ. ಪ್ರೀಪೇಯ್ಡ್ ಬೆಲೆಯಲ್ಲಿ 18% ಜಿಎಸ್‌ಟಿ ಸೇರಿಯೇ ಇರುತ್ತದೆ, ಪೋಸ್ಟ್‌ಪೇಯ್ಡ್‌ನಲ್ಲಿ ಮೇಲೆ ಬರುತ್ತದೆ. 449 ಅಂತ ಬರೆದದ್ದಕ್ಕೆ ಬಿಲ್ ಬರುವುದು 529 ರೂಪಾಯಿ 82 ಪೈಸೆ. ಕೆಲವು ಪ್ಲಾನ್‌ಗಳಲ್ಲಿ ಉಳಿದ ನೆಟ್ ಮುಂದಿನ ತಿಂಗಳಿಗೆ ಹೋಗುತ್ತದೆ, ಮನೆಯವರ ಸಿಮ್ ಸೇರಿಸಬಹುದು. ಮೂರು ನಾಲ್ಕು ಜನ ಇದ್ದರೆ ತಲೆಗೆ ಎಷ್ಟು ಅಂತ ಹಾಕಿ ನೋಡಿ, ಒಬ್ಬರೇ ಆದರೆ ಬೇಡ.

ಬದಲಿಸುವುದೇ ಆದರೆ

ಬೆಲೆ ಏರುವ ಸುದ್ದಿ ಬಂದಾಗ ಗಾಬರಿಯಿಂದ ಪೋರ್ಟ್ (ಅದೇ ನಂಬರ್ ಉಳಿಸಿಕೊಂಡು ಕಂಪನಿ ಬದಲಿಸುವುದು) ಮಾಡಬೇಡಿ. 2024ರಲ್ಲಿ ಜೂನ್ ಕೊನೆಗೆ ಘೋಷಣೆ ಆಯಿತು, ಜಾರಿಗೆ ಬಂದದ್ದು ಜುಲೈ 3. ನಡುವಿನ ದಿನಗಳಲ್ಲಿ ಹಳೆಯ ಬೆಲೆಗೇ ಮುಂಗಡ ರೀಚಾರ್ಜ್ ಮಾಡಿದವರಿಗೆ ಇದ್ದ ಪ್ಲಾನ್ ಮುಗಿದ ಮೇಲೆ ಅದು ಶುರುವಾಯಿತು. ಮುಂದಿನ ಸಲವೂ ಮೊದಲು ಇದನ್ನೇ ನೋಡಿ.

ಪೋರ್ಟ್ ಮಾಡುವುದು ಸುಲಭ. ಪೋರ್ಟ್ ಅಂತ ಇಂಗ್ಲಿಷ್ ದೊಡ್ಡ ಅಕ್ಷರದಲ್ಲಿ ಬರೆದು, ಜಾಗ ಬಿಟ್ಟು, ನಿಮ್ಮ ನಂಬರ್ ಹಾಕಿ 1900ಕ್ಕೆ ಎಸ್ಸೆಮ್ಮೆಸ್ ಕಳಿಸಿ. ಬರುವ ಕೋಡ್ ನಮ್ಮ ಸರ್ಕಲ್‌ನಲ್ಲಿ 4 ದಿನ ನಡೆಯುತ್ತದೆ. ಅದನ್ನೂ ಆಧಾರ್ ಕಾರ್ಡನ್ನೂ ಹಿಡಿದು ಹೊಸ ಕಂಪನಿಯ ಅಂಗಡಿಗೆ ಹೋದರೆ ಕರ್ನಾಟಕದೊಳಗೆ 3 ಕೆಲಸದ ದಿನದಲ್ಲಿ ಆಗಬೇಕು, ಬೇರೆ ಸರ್ಕಲ್‌ನಿಂದಾದರೆ 5. ಈಗಿನ ಕಂಪನಿಯಲ್ಲಿ 90 ದಿನ ಆಗಿರಬೇಕು. ಏಳು ದಿನದೊಳಗೆ ಸಿಮ್ ಬದಲಿಸಿದ್ದರೆ ಕೋಡ್ ಸಿಗುವುದಿಲ್ಲ, ಮೋಸ ತಡೆಯಲು 2024ರ ಜುಲೈಯಿಂದ ಈ ನಿಯಮ ಇದೆ.

ಹಳೆಯ ಪ್ಲಾನ್‌ನಲ್ಲಿ ಉಳಿದ ದಿನ, ಬ್ಯಾಲೆನ್ಸ್ ಎರಡೂ ಹೊಸ ಕಂಪನಿಗೆ ಬರುವುದಿಲ್ಲ. ಹಾಗಾಗಿ ವ್ಯಾಲಿಡಿಟಿ ಮುಗಿಯಲು ನಾಲ್ಕೈದು ದಿನ ಇದ್ದಾಗ ಶುರು ಮಾಡಿ. ಹೊಸ ಕಡೆ ಮೊದಲ ರೀಚಾರ್ಜ್ 28 ದಿನದ್ದೇ ಇರಲಿ, ದಿನದ ಬೆಲೆ ಸ್ವಲ್ಪ ಜಾಸ್ತಿಯಾದರೂ ಪರವಾಗಿಲ್ಲ. ಮತ್ತೆ ಬೇರೆ ಕಡೆ ಹೋಗಲು 90 ದಿನ ಕಾಯಬೇಕು ನಿಜ, ಆದರೆ ನೆಟ್‌ವರ್ಕ್ ಸರಿ ಇಲ್ಲ ಅಂತ ಗೊತ್ತಾದರೆ ಉಳಿದ ದಿನಕ್ಕೆ ಚಿಕ್ಕ ಪ್ಲಾನ್‌ನಲ್ಲಿ ನಂಬರ್ ಉಳಿಸಿಕೊಂಡು, ನೆಟ್‌ಗೆ ಎರಡನೇ ಸಿಮ್ ಬಳಸಬಹುದು. 3,599 ಒಟ್ಟಿಗೇ ಕಟ್ಟಿದ್ದರೆ ಆ ದಾರಿ ಇರುವುದಿಲ್ಲ.